ಇನ್ನೊಂದು ಕೀಲಿ ಯಾರ ಹತ್ತಿರ ಇದೆ?

ಪ್ರಶ್ನೆ: ಕಾರವಾರದ ಕೋಡಿಬಾಗದಲ್ಲಿ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದೇನೆ. ನರ್ಸ್ ಕೆಲಸ, ಒಬ್ಬಳೇ ಇರುವುದು, ಬಾಡಿಗೆ 8,500. ಕಳೆದ ವಾರ ಡ್ಯೂಟಿ ಮುಗಿಸಿ ಬಂದರೆ ಹಾಲ್‌ನಲ್ಲಿ ಒದ್ದೆ ಹೆಜ್ಜೆ ಗುರುತು. ನಾನು ತೆರೆದಿಟ್ಟು ಹೋಗಿದ್ದ ಕಿಟಕಿ ಮುಚ್ಚಿತ್ತು. ಹಗ್ಗದ ಮೇಲೆ ಒಣಗಲು ಹಾಕಿದ್ದ ಬಟ್ಟೆಯನ್ನೆಲ್ಲ, ಒಳಉಡುಪೂ ಸೇರಿ, ಮಡಚಿ ಮಂಚದ ಮೇಲೆ ಇಟ್ಟಿದ್ದರು. ಕೇಳಿದರೆ ಮಾಲೀಕರು, 'ಮಳೆ ಹೊಡೀತಿತ್ತು ಮಗಾ, ಒಳಗೆಲ್ಲ ನೀರಾಗ್ತದೆ ಅಂತ ಬಂದೆ, ಕೀಲಿ ನನ್ನ ಹತ್ರ ಇದೆಯಲ್ಲ' ಎಂದರು. ವಯಸ್ಸಾದವರು, ಕೆಟ್ಟವರಲ್ಲ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಇದು ಮೂರನೇ ಸಲ. ನಾನೇ ಜಾಸ್ತಿ ಮಾಡುತ್ತಿದ್ದೇನಾ?
— ಹೆಸರು ಬೇಡ, ಕಾರವಾರ

ಉತ್ತರ: ಖಂಡಿತ ಇಲ್ಲ. ನಿಮ್ಮ ಪತ್ರ ಓದುವಾಗ ಆ ಮಡಚಿಟ್ಟ ಬಟ್ಟೆಯ ಹತ್ತಿರ ಬಂದು ನಾನೂ ನಿಂತುಬಿಟ್ಟೆ. ಕಿಟಕಿ ಮುಚ್ಚಿದ್ದನ್ನು ಒಳ್ಳೆಯ ಮನಸ್ಸಿಗೆ ಬಿಡೋಣ, ನಮ್ಮ ಕರಾವಳಿಯ ಜೂನ್ ಜುಲೈ ಮಳೆ ಹೇಗೆ ಹೊಡೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ಬಟ್ಟೆ ಮುಟ್ಟುವ ಕೆಲಸ ಏನಿತ್ತು? ಒಂದು ಫೋನ್ ಮಾಡಿದ್ದರೆ ಸಾಕಿತ್ತಲ್ವಾ?

ಈಗ ಕಾನೂನಿನ ಮಾತು. ಕರ್ನಾಟಕ ಬಾಡಿಗೆ ಕಾಯ್ದೆ 1999 ಇದೆ, ಆದರೆ ಬೆಂಗಳೂರಿನಂಥ ದೊಡ್ಡ ನಗರ ಬಿಟ್ಟರೆ ಉಳಿದ ಕಡೆ ತಿಂಗಳಿಗೆ 2,000 ರೂಪಾಯಿ ದಾಟಿದ ಮನೆಗೆ ಅದು ಬರುವುದಿಲ್ಲ. ಹಾಗಾಗಿ ನಿಮಗೆ ಅನ್ವಯಿಸುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ, ಮತ್ತೆ ನಿಮ್ಮ ಕರಾರು ಪತ್ರ. ಆ ಹಳೇ ಕಾಯ್ದೆಯ 108ನೇ ಕಲಮಿನಲ್ಲಿ ಎರಡೂ ಕಡೆಯ ಮಾತಿದೆ. ಬಾಡಿಗೆ ಸರಿಯಾಗಿ ಕಟ್ಟಿಕೊಂಡು, ಕರಾರಿನಂತೆ ನಡೆದುಕೊಂಡು ಇರುವವರು ಅವಧಿ ಮುಗಿಯುವವರೆಗೆ ಯಾರ ಅಡ್ಡಿಯೂ ಇಲ್ಲದೆ ಆ ಮನೆಯಲ್ಲಿ ಇರಬಹುದು. ಹಾಗೇ ಮಾಲೀಕರು ಅಥವಾ ಅವರು ಕಳಿಸಿದವರು 'ಸೂಕ್ತ ಸಮಯದಲ್ಲಿ' ಬಂದು ಮನೆ ಯಾವ ಸ್ಥಿತಿಯಲ್ಲಿದೆ ಅಂತ ನೋಡಲು ಬಾಡಿಗೆದಾರರು ಬಿಡಬೇಕು. ನೀವು ಇಲ್ಲದಾಗ, ಹೇಳದೆ ಕೇಳದೆ, ತಮ್ಮದೇ ಕೀಲಿಯಿಂದ ಬಾಗಿಲು ತೆಗೆಯುವುದು ಸೂಕ್ತ ಸಮಯ ಅಂತ ನಾನಂತೂ ಒಪ್ಪುವುದಿಲ್ಲ. ಕಟ್ಟಡ ಅವರದ್ದೇ, ಯಾರೂ ಇಲ್ಲ ಅನ್ನುವುದಿಲ್ಲ. ಬಾಡಿಗೆಗೆ ಕೊಟ್ಟ ಮೇಲೆ ಸ್ವಾಧೀನ ನಿಮ್ಮದು.

ಮೊಬೈಲಿನಲ್ಲಿ ಹುಡುಕಿದರೆ '24 ಗಂಟೆ ಮೊದಲು ನೋಟಿಸ್' ಅನ್ನುವ ನಿಯಮ ಸಿಗುತ್ತದೆ. ಅದು ಕೇಂದ್ರ ಸರ್ಕಾರ 2021ರಲ್ಲಿ ಹೊರತಂದ ಮಾದರಿ ಬಾಡಿಗೆ ಕಾಯ್ದೆಯದ್ದು. ಒಂದು ದಿನ ಮೊದಲೇ ಬರವಣಿಗೆಯಲ್ಲೋ ಮೊಬೈಲಿನಲ್ಲೋ ತಿಳಿಸಬೇಕು, ಯಾಕೆ ಬರುತ್ತೇವೆ ಅಂತ ಹೇಳಬೇಕು, ಸೂರ್ಯ ಮುಳುಗಿದ ಮೇಲೆ ಬರಬಾರದು, ನೆರೆ, ಬೆಂಕಿ, ಚಂಡಮಾರುತದಂಥ ತುರ್ತಿಗೆ ಮಾತ್ರ ವಿನಾಯಿತಿ. ಓದಲು ಚೆನ್ನಾಗಿದೆ. ಆದರೆ ಅದು ಮಾದರಿ ಅಷ್ಟೇ, ರಾಜ್ಯ ತನ್ನದಾಗಿ ಮಾಡಿಕೊಳ್ಳದೆ ಜಾರಿಗೆ ಬರುವುದಿಲ್ಲ, ಅದನ್ನು ತೋರಿಸಿ ಜಗಳಕ್ಕೆ ಹೋಗಬೇಡಿ. ಬದಲಿಗೆ ಅದೇ ಮಾತನ್ನು ನಿಮ್ಮ ಕರಾರಿನಲ್ಲಿ ಬರೆಸಿ. ನಮ್ಮ ಕಡೆ ಎಲ್ಲರೂ 11 ತಿಂಗಳ ಕರಾರು ಮಾಡುವುದಲ್ವಾ, ಮುಂದಿನ ಸಲ ನವೀಕರಿಸುವಾಗ ಎರಡು ಸಾಲು ಸೇರಿಸಲು ಯಾರೂ ಬೇಡ ಅನ್ನುವುದಿಲ್ಲ. ಇಬ್ಬರ ಸಹಿ ಬಿದ್ದ ಮೇಲೆ ಅದು ಇಬ್ಬರಿಗೂ ಕಟ್ಟು.

ಅಲ್ಲಿಯವರೆಗೆ ಕಾಯಬೇಡಿ. ಇವತ್ತೇ ವಾಟ್ಸಾಪ್ ಹಾಕಿ, ಹೀಗೆ: 'ಕಿಟಕಿ ಹಾಕಿದ್ದಕ್ಕೆ ಥ್ಯಾಂಕ್ಸ್. ಆದರೆ ನಾನಿಲ್ಲದಾಗ ದಯವಿಟ್ಟು ಒಳಗೆ ಬರಬೇಡಿ. ಏನೇ ಇದ್ದರೂ ಹಿಂದಿನ ದಿನ ಹೇಳಿ, ನಾನಿದ್ದಾಗ ಬನ್ನಿ. ತೀರಾ ತುರ್ತಿದ್ದರೆ ಫೋನ್ ಮಾಡಿ.' ಬಾಯಲ್ಲಿ ಹೇಳಿದ್ದು ನಾಳೆ ಉಳಿಯುವುದಿಲ್ಲ, ಇದು ತಾರೀಖಿನ ಸಮೇತ ಉಳಿಯುತ್ತದೆ. ಹಿಂದಿನ ಮೂರು ಸಲದ್ದೂ ದಿನ, ಹೊತ್ತು ನೆನಪಿದ್ದಷ್ಟು ಬರೆದಿಡಿ. ಇನ್ನು ಬಾಗಿಲಿನ ಚಿಲಕಕ್ಕೆ ನಿಮ್ಮದೇ ಒಂದು ಬೀಗ ಹಾಕಿ. ಕರಾರಿನಲ್ಲಿ ಬೇಡ ಅಂತ ಬರೆದಿಲ್ಲದಿದ್ದರೆ ಅದರಲ್ಲಿ ತಪ್ಪಿಲ್ಲ, ಗೋಡೆ ಒಡೆಯುವ ಕೆಲಸವೇನೂ ಅಲ್ಲವಲ್ಲ. ಅವರ ಬೀಗ ಹಾಳು ಮಾಡಬೇಡಿ, ಬಿಡುವಾಗ ಇದ್ದ ಹಾಗೇ ಒಪ್ಪಿಸಿ.

ಇಷ್ಟಾದ ಮೇಲೂ ಬಂದರೆ? ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಮು ಅತಿಕ್ರಮ ಪ್ರವೇಶದ್ದು. ಮನೆಯೊಳಗೆ ಹಾಗೆ ನುಗ್ಗಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದರೆ ಹೆದರಿಸಲು, ಅವಮಾನ ಮಾಡಲು, ಕಿರಿಕಿರಿ ಕೊಡಲು ಅಥವಾ ಇನ್ನೊಂದು ಅಪರಾಧ ಮಾಡಲು ಬಂದರು ಅನ್ನುವುದು ಸಾಬೀತಾಗಬೇಕು. ಮಳೆಗೆ ಕಿಟಕಿ ಹಾಕಿದ್ದು ಅದರೊಳಗೆ ಬರುವುದಿಲ್ಲ. ಬೇಡ ಅಂತ ಬರೆದು ತಿಳಿಸಿದ ಮೇಲೂ ಕೀಲಿ ಹಾಕಿ ಬಂದರೆ ಮಾತ್ರ 'ಒಳ್ಳೆಯದಕ್ಕೇ ಬಂದೆ' ಅನ್ನುವ ಮಾತಿಗೆ ಬಲ ಇರುವುದಿಲ್ಲ. ಕಾರವಾರದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಹೆಣ್ಣುಮಕ್ಕಳಿಗೆ ಸಂಬಳ ಎಷ್ಟೇ ಇರಲಿ ವಕೀಲರ ನೆರವು ಉಚಿತ. ಸಹಾಯವಾಣಿ 15100. ಭಯ ಆಗುವಂಥ ಹೊತ್ತಿನಲ್ಲಿ 112ಕ್ಕೆ ಮಾಡಿ, ಯೋಚನೆ ಮಾಡುತ್ತ ಕೂರಬೇಡಿ.

ಪ್ರಶ್ನೆ: ನಾನು ಮಾಲೀಕ. ಮೇಲಿನ ಮನೆಯ ಬಾತ್‌ರೂಮಿನಿಂದ ನೀರು ಇಳಿದು ನಮ್ಮ ಅಡುಗೆಮನೆ ಗೋಡೆ ಹಸಿರುಗಟ್ಟಿದೆ. ಪ್ಲಂಬರ್ ಕರೆದುಕೊಂಡು ಹೋದರೆ ಬಾಡಿಗೆಯವರು ಪ್ರೈವಸಿ ಅಂತ ಬಾಗಿಲೇ ತೆಗೆಯುವುದಿಲ್ಲ.
— ಓದುಗರು, ಶಿರಸಿ

ಉತ್ತರ: ಅವರು ಮಾಡುತ್ತಿರುವುದು ತಪ್ಪು. ಮೇಲೆ ಹೇಳಿದ 108ನೇ ಕಲಮು ಅವರಿಗೂ ಅಷ್ಟೇ. ಆದರೆ ನೀವು ಹೋಗಿದ್ದು ಎಷ್ಟು ಹೊತ್ತಿಗೆ, ಮೊದಲೇ ಹೇಳಿದ್ದಿರಾ ಅಂತ ಬರೆದಿಲ್ಲ. ಗೋಡೆಯ ಫೋಟೋ ಕಳಿಸಿ, ಎರಡು ದಿನ, ಎರಡು ಹೊತ್ತು ಹೇಳಿ, ಯಾವುದು ಆಗುತ್ತದೆ ಅಂತ ಅವರನ್ನೇ ಕೇಳಿ. ಹೆಚ್ಚಿನವರು ಇಷ್ಟಕ್ಕೇ ಒಪ್ಪುತ್ತಾರೆ. ಒಪ್ಪದಿದ್ದರೆ ವಕೀಲರಿಂದ ನೋಟಿಸ್ ಕೊಡಿಸಿ. ಸಿಟ್ಟಿನಲ್ಲಿ ನೀರು, ಕರೆಂಟು ಕಟ್ ಮಾಡಿದರೆ ಆಮೇಲೆ ತಪ್ಪು ನಿಮ್ಮ ತಲೆಗೇ ಬರುತ್ತದೆ.

ಪ್ರಶ್ನೆ: ಮಾರಿಕಾಂಬಾ ಜಾತ್ರೆ ಹೊತ್ತಿಗೆ ನಾವು ಊರಿಗೆ ಹೋದಾಗ ಮಾಲೀಕರು ತಮ್ಮ ನೆಂಟರನ್ನು ನಮ್ಮ ಮನೆಯಲ್ಲಿ ಮಲಗಿಸಿದ್ದರು. 'ಖಾಲಿನೇ ಇತ್ತಲ್ಲ' ಎನ್ನುತ್ತಾರೆ.
— ಓದುಗರು, ಶಿರಸಿ

ಉತ್ತರ: ಜಾತ್ರೆ ಬಂದರೆ ಶಿರಸಿಯಲ್ಲಿ ಯಾರ ಮನೆಯಲ್ಲೂ ಕಾಲಿಡಲು ಜಾಗ ಇರುವುದಿಲ್ಲ, ನಿಜ. ಆದರೆ ಆ ತಿಂಗಳ ಬಾಡಿಗೆ ನೀವು ಪೂರ್ತಿ ಕೊಟ್ಟಿದ್ದೀರಿ, ನೀವು ಊರಿಗೆ ಹೋದ ದಿನಗಳದ್ದೂ ಸೇರಿ. ಅದು ಖಾಲಿ ಮನೆ ಅಲ್ಲ. ಅವರ ಎದುರಿಗೇ ಹೇಳಿ, ಆಮೇಲೆ ಅದನ್ನೇ ಮೆಸೇಜ್ ಮಾಡಿ. ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಮುಂದಿನ ಸಲಕ್ಕೆ ಮೊದಲೇ ಬೀಗ ಬದಲಿಸಿಕೊಳ್ಳಿ. ಅವರು ಬಂದು ಮನಸ್ಸು ಬಿಚ್ಚಿ ಕೇಳಿದರೆ, ನಿಮಗೂ ಸರಿ ಅನಿಸಿದರೆ, ಕೀಲಿಯನ್ನು ನಿಮ್ಮ ಕೈಯಾರೆ ಕೊಟ್ಟು ಹೋಗಿ.