ಶಿಕ್ಷಕರು ಸಮ್ಮೇಳನಕ್ಕೆ ಪ್ರಪೋಸಲ್ ಕಳಿಸುವಂತೆ ಮಾಡುವುದು ಹೇಗೆ?

ಗದಗಿನ ಹೈಸ್ಕೂಲಿನ ಹೆಡ್‌ಮಾಸ್ತರರು ನೀವು. ಶಿಕ್ಷಕರ ಸಮ್ಮೇಳನದಲ್ಲಿ ಒಂದು ಸೆಷನ್ ನಡೆಸಲು ನಿಮ್ಮವರು ಯಾರೂ ಪ್ರಪೋಸಲ್ ಕಳಿಸುತ್ತಿಲ್ಲ, ಹುರುಪು ತುಂಬಲು ಪ್ರಶಂಸಾಪತ್ರ ಕೊಡಲಾ, ಇಲ್ಲ ಕಡ್ಡಾಯ ಮಾಡಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಅವರಿಗೆ ಹುರುಪಿಲ್ಲ ಅನ್ನುವ ಮಾತನ್ನೇ ನಾನು ಒಪ್ಪುವುದಿಲ್ಲ.

ನಾನು ಬ್ಯಾಡಗಿ ತಾಲೂಕಿನಲ್ಲಿ ಸಿಆರ್‌ಪಿ (ಅಕ್ಕಪಕ್ಕದ ಶಾಲೆಗಳ ಗುಂಪಿಗೆ, ಅಂದರೆ ಕ್ಲಸ್ಟರಿಗೆ, ಸಂಪನ್ಮೂಲ ವ್ಯಕ್ತಿ) ಆಗಿದ್ದಾಗ ನಿಮ್ಮ ಹಾಗೇ ಅಂದುಕೊಂಡಿದ್ದೆ. ಸಮಾಲೋಚನಾ ಸಭೆಯಲ್ಲಿ ಭಾಷಣ ಮಾಡಿದೆ. ವಾಟ್ಸಾಪ್ ಗ್ರೂಪಿಗೆ ಫಾರ್ಮ್ ಹಾಕಿದೆ. ಎಲ್ಲರೂ ‘ಸರಿ ಸರ್’ ಅಂದರು, ಒಬ್ಬರೂ ಬರೆಯಲಿಲ್ಲ. ಕೊನೆಗೆ ಒಬ್ಬ ಗಣಿತ ಟೀಚರ್ ಎರಡು ಪುಟ ಕೈಬರಹ ತಂದುಕೊಟ್ಟರು.

ಅದರಲ್ಲಿ ಇದ್ದದ್ದು ಇಷ್ಟು. ಏಳನೇ ತರಗತಿ, ಶೇಕಡಾವಾರು ಪಾಠ. ಮೆಣಸಿನಕಾಯಿ ಬಿಡಿಸುವ ಸಮಯ. ಮಕ್ಕಳು ಹೊಲದಿಂದ ಎರಡು ಕೆಜಿ ಹಣ್ಣು ಮೆಣಸಿನಕಾಯಿ ತಂದು ಶಾಲೆಯ ಮಾಳಿಗೆ ಮೇಲೆ ಹರವಿದರು. ಆಗಾಗ ತೂಕ ಮಾಡಿ ಬರೆದಿಟ್ಟರು. ಮೊದಲು ಒಂದೂವರೆ ಕೆಜಿಗೆ ಇಳಿಯಿತು, ಅಂದರೆ 25 ಪರ್ಸೆಂಟ್ ಕಡಿಮೆ. ಆಮೇಲೆ 1.2 ಕೆಜಿ. ಒಂದೂವರೆಯಲ್ಲಿ 20 ಪರ್ಸೆಂಟ್ ಕಡಿಮೆ. ಇಡೀ ತರಗತಿ ಎರಡನ್ನೂ ಕೂಡಿಸಿ 45 ಅಂದಿತು. ಆದರೆ ಎರಡು ಕೆಜಿಯಲ್ಲಿ ಹೋದದ್ದು 800 ಗ್ರಾಂ, ಅಂದರೆ 40. ಆಗ ಒಬ್ಬ ಹುಡುಗ ಎದ್ದು, “ಅಕ್ಕೋರ, ಉಳಿದ ಐದು ಪರ್ಸೆಂಟ್ ಎಲ್ಲಿ ಹೋತ್ರಿ?” ಅಂದನಂತೆ. ಅದಕ್ಕೆ ಉತ್ತರ ಹುಡುಕುತ್ತಲೇ, ಪರ್ಸೆಂಟ್ ಅನ್ನುವುದು ಯಾವುದರ ಪರ್ಸೆಂಟ್ ಅಂತ ಕೇಳದೆ ಕೂಡಿಸಬಾರದು ಅನ್ನುವುದು ಮಕ್ಕಳಿಗೆ ಹೊಳೆಯಿತು.

ಇಂಥ ಪುಟಗಳನ್ನು ನಾನು ‘ತಿದ್ದಿದೆ’. ನನ್ನ ತಪ್ಪು ಇದೇ, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಓದುವವರು ದೊಡ್ಡ ಪ್ರೊಫೆಸರ್‌ಗಳು, ಮಾಳಿಗೆ, ಮೆಣಸಿನಕಾಯಿ ಅಂತೆಲ್ಲ ಬರೆದರೆ ಹಗುರವಾಗಿ ನೋಡುತ್ತಾರೆ ಅಂದುಕೊಂಡೆ. ಪದಮಿತಿಯೂ ಇತ್ತು. ಹಾಗಾಗಿ ಮೆಣಸಿನಕಾಯಿ ತೆಗೆದು ‘ಸ್ಥಳೀಯ ಸಂಪನ್ಮೂಲಗಳು’ ಅಂತ ಹಾಕಿದೆ. ಹುಡುಗನ ಪ್ರಶ್ನೆ ತೆಗೆದು ‘ವಿಮರ್ಶಾತ್ಮಕ ಚಿಂತನೆ’ ಅಂದೆ. 45ಕ್ಕೂ 40ಕ್ಕೂ ಇದ್ದ ಜಗಳ ಪೂರ್ತಿ ಹೋಯಿತು, ಅದರ ಜಾಗಕ್ಕೆ ‘ರಚನಾವಾದ’, ‘ಅನುಭವಾತ್ಮಕ ಕಲಿಕೆ’ ಬಂದವು. ಟೀಚರ್ ಓದಿ, “ಇದು ನಾನು ಮಾಡಿದ್ದೇನಾ ಸರ್?” ಅಂತ ಕೇಳಿದರು. ಆಗಲಾದರೂ ನಿಲ್ಲಿಸಬೇಕಿತ್ತು, ಕಳಿಸಿಬಿಟ್ಟೆ. ಪ್ರಪೋಸಲ್ ವಾಪಸ್ ಬಂತು. ತರಗತಿಯಲ್ಲಿ ನಿಜಕ್ಕೂ ಏನು ನಡೆಯಿತು ಅಂತ ಗೊತ್ತಾಗುತ್ತಿಲ್ಲ ಅಂತ ಆಯ್ಕೆ ಮಾಡುವವರು ಬರೆದಿದ್ದರು. ಟೀಚರ್ ಬರೆದ ಮೂಲ ಪುಟಗಳಲ್ಲಿ ಇದ್ದದ್ದೇ ಅದು!

ಆಯ್ಕೆ ಮಾಡುವವರು ಒಂದೇ ಥರದ ಪದಗಳಿರುವ ರಾಶಿ ಪ್ರಪೋಸಲ್ ಓದುತ್ತಾರೆ. ಎಷ್ಟೋ ಕಡೆ ಬರೆದವರ ಹೆಸರು, ಊರು ಅವರಿಗೆ ಕಾಣುವುದೂ ಇಲ್ಲ. ಅವರ ಕೈಗೆ ಸಿಗುವುದು ತರಗತಿಯಲ್ಲಿ ನಡೆದದ್ದು ಮಾತ್ರ. ನಾನು ಅದನ್ನೇ ಕತ್ತರಿಸಿದ್ದೆ. ಆ ಟೀಚರ್ ಆಮೇಲೆ ಎಷ್ಟು ಕೇಳಿಕೊಂಡರೂ ಬರೆಯಲಿಲ್ಲ, ವರ್ಗವಾಗಿ ಬೇರೆ ತಾಲೂಕಿಗೆ ಹೋದರು. ಅಷ್ಟು ಒಳ್ಳೆಯ ಪಾಠ ಆ ಒಂದು ಶಾಲೆಯಲ್ಲೇ ಉಳಿಯಿತಲ್ಲ ಅನ್ನುವ ಸಂಕಟ ನನಗೆ ಈಗಲೂ ಇದೆ.

ಅದಕ್ಕೇ ಹೇಳುತ್ತೇನೆ, ಹುರಿದುಂಬಿಸಲು ಹೋಗಬೇಡಿ. ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುವಾಗ ಪಕ್ಕದಲ್ಲಿ ಕೂತು, “ಈ ವಾರ ಮಕ್ಕಳು ಎಲ್ಲಿ ತಪ್ಪಿದರು? ನೀವೇನು ಮಾಡಿದಿರಿ?” ಅಂತ ಕೇಳಿ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ. ಅರ್ಧ ಪ್ರಪೋಸಲ್ ಅಲ್ಲೇ ಆಯಿತು. ಜೊತೆಗೆ ಒಂದೆರಡು ಮಕ್ಕಳ ನೋಟ್‌ಬುಕ್ಕಿನ ಫೋಟೋ ತೆಗೆದಿಡಿ. ಇನ್ನು ಸೇರಿಸಬೇಕಾದದ್ದು, ಸೆಷನ್ನಿಗೆ ಬಂದು ಕೂತವರ ಕೈಯಲ್ಲಿ ಏನು ಮಾಡಿಸುತ್ತೀರಿ ಅನ್ನುವುದು. ತುಂಬಾ ಜನ ಇದನ್ನು ಬಿಟ್ಟು ಬರೀ ಭಾಷಣದ ಸಾರ ಬರೆಯುತ್ತಾರೆ. ಇಂಗ್ಲಿಷಿನಲ್ಲಿ ಬೇಕು ಅಂದರೆ ನಿಮ್ಮ ಇಂಗ್ಲಿಷ್ ಮಾಸ್ತರರು ಅನುವಾದ ಮಾಡಿಕೊಡಲಿ, ಆದರೆ ಮೆಣಸಿನಕಾಯಿ ಮೆಣಸಿನಕಾಯಿಯಾಗಿಯೇ ಇರಲಿ. ಕಳಿಸುವ ಮುಂಚೆ ಬರೆದವರು ಓದಿ “ಹೌದು, ಇದು ನನ್ನದೇ” ಅನ್ನಬೇಕು.

ಕಳಿಸಲು ಜಾಗಗಳು ಬೇಕಾದಷ್ಟಿವೆ. ಗಣಿತದವರಿಗೆ ಚೆನ್ನೈನ ಎಎಂಟಿಐ 1965ರಿಂದ ಇದೆ. ಇಂಗ್ಲಿಷಿನವರಿಗೆ ಅದೇ ಊರಿನ ಎಲ್ಟಾಯ್, ಭೌತಶಾಸ್ತ್ರದವರಿಗೆ 1984ರಲ್ಲಿ ಶುರುವಾದ ಐಎಪಿಟಿ. ಮೂರೂ ಶಿಕ್ಷಕರದ್ದೇ ಸಂಘಗಳು, ಸಮ್ಮೇಳನ ನಡೆಸುತ್ತವೆ. ಅದಕ್ಕೂ ಮೊದಲು ನಿಮ್ಮ ಕ್ಲಸ್ಟರ್ ಸಭೆಯಲ್ಲೇ ಒಮ್ಮೆ ಮಾಡಿಸಿ ನೋಡಿ, ಎಲ್ಲಿ ಸಮಯ ಸಾಲುವುದಿಲ್ಲ ಅಂತ ಗೊತ್ತಾಗುತ್ತದೆ.

ಪ್ರಶಂಸಾಪತ್ರಕ್ಕೆ ಖರ್ಚು ಮಾಡುವ ದುಡ್ಡನ್ನು ನೋಂದಣಿ ಶುಲ್ಕಕ್ಕೆ, ರೈಲಿನ ಟಿಕೆಟ್‌ಗೆ ಇಡಿ. ಓಓಡಿ (ಅನ್ಯ ಕರ್ತವ್ಯದ ಮೇಲೆ ಹೋಗಲು ಅನುಮತಿ) ಸಿಗುತ್ತದಾ, ಆ ದಿನಗಳಲ್ಲಿ ತರಗತಿ ಯಾರು ನೋಡಿಕೊಳ್ಳುತ್ತಾರೆ ಅನ್ನುವ ಚಿಂತೆಗೇ ಎಷ್ಟೋ ಜನ ಫಾರ್ಮ್ ಮುಟ್ಟುವುದಿಲ್ಲ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನಲ್ಲಿ ನೀವೇ ಮೊದಲು ಮಾತಾಡಿ, ಆಮೇಲೆ ಶಿಕ್ಷಕರ ಹತ್ತಿರ ಹೋಗಿ. ಮೊದಲ ಸಲ ಇಬ್ಬರನ್ನು ಜೊತೆಗೂಡಿಸಿ ಬರೆಸಿ. ವಾಪಸ್ ಬಂದರೂ ಇಬ್ಬರು ಕೂತು ಯಾಕೆ ಅಂತ ನೋಡುತ್ತಾರೆ, ಮುಂದಿನ ವರ್ಷ ತಿದ್ದಿ ಕಳಿಸುತ್ತಾರೆ.