ಪ್ರತಿಕ್ರಿಯೆ: ಒಂದೇ ಊರಿನ ಹೆಸರು, ಆದರೂ ಹೊಂದಿಕೆಯಾಗುತ್ತಿಲ್ಲ
ನಮಸ್ಕಾರ. ನಿಮ್ಮ ದಾವಣಗೆರೆ ಮೆಕ್ಕೆಜೋಳದ ಎಕ್ಸೆಲ್ ಪಟ್ಟಿಯಲ್ಲಿ ಎ2 ಮತ್ತು ಬಿ2 ಎರಡರಲ್ಲೂ ‘ಮಾಯಕೊಂಡ’ ಎಂದೇ ಇದ್ದರೂ =ಎ2=ಬಿ2 ಎಂಬ ಸೂತ್ರವು ‘ಫಾಲ್ಸ್’ (ಎರಡೂ ಒಂದೇ ಅಲ್ಲ) ಎಂದು ತೋರಿಸುವುದೇಕೆ ಎಂದು ಕೇಳಿದ್ದೀರಿ. ಮೊದಲು ಎರಡು ಸೆಲ್‌ಗಳಿಗೂ ‘ಲೆನ್’ (ಸೆಲ್‌ನಲ್ಲಿರುವ ಅಕ್ಷರ, ಚಿಹ್ನೆಗಳನ್ನು ಎಣಿಸುವ ಸೂತ್ರ) ಹಾಕಿ ನೋಡಿ. ಕಣ್ಣಿಗೆ ನಾಲ್ಕೇ ಅಕ್ಷರ ಕಂಡರೂ ಕಾಗುಣಿತದ ಚಿಹ್ನೆಗಳನ್ನೂ ಸೊನ್ನೆಯನ್ನೂ ಎಕ್ಸೆಲ್ ಪ್ರತ್ಯೇಕವಾಗಿ ಎಣಿಸುವುದರಿಂದ ಸರಿಯಾದ ಉತ್ತರ 7. ಒಂದರಲ್ಲಿ 8 ಬಂದರೆ, ಹೆಚ್ಚಾಗಿ ಕೊನೆಯಲ್ಲೊಂದು ಖಾಲಿ ಜಾಗ ಅಡಗಿದೆ ಎಂದರ್ಥ. ಸಾಮಾನ್ಯ ಖಾಲಿ ಜಾಗವಾದರೆ, ಹೆಚ್ಚುವರಿ ಖಾಲಿ ಜಾಗ ತೆಗೆಯುವ ‘ಟ್ರಿಮ್’ ಸೂತ್ರ ಸಾಕು. ಆದರೆ ಜಾಲತಾಣದಿಂದ ನಕಲಿಸಿದ ಪಟ್ಟಿಗಳಲ್ಲಿ ಬರುವ 160ನೇ ಸಂಕೇತದ ಖಾಲಿ ಜಾಗವನ್ನು, ಅಂದರೆ ಸಾಲು ಅಲ್ಲಿ ಒಡೆಯದಂತೆ ಹಾಕುವ ವಿಶೇಷ ಖಾಲಿ ಜಾಗವನ್ನು, ಅದು ಮುಟ್ಟುವುದೇ ಇಲ್ಲ (ಚಿತ್ರದುರ್ಗದಲ್ಲಿ ಇಂಥದೇ ಪಟ್ಟಿಯೊಂದಿಗೆ ನಾನು ಅರ್ಧ ದಿನ ಗುದ್ದಾಡಿದ್ದೇನೆ). ಆಗ ಅದನ್ನು ಮೊದಲು ಸಾಮಾನ್ಯ ಖಾಲಿ ಜಾಗವಾಗಿ ಬದಲಿಸಿ ಆಮೇಲೆ ತೆಗೆಯಲು =ಟ್ರಿಮ್(ಸಬ್‌ಸ್ಟಿಟ್ಯೂಟ್(ಎ2,ಯುನಿಚಾರ್(160)," ")) ಎಂದು ಬೇರೆ ಕಾಲಂನಲ್ಲಿ ಬರೆದು, ಬಂದ ಫಲಿತಾಂಶವನ್ನು ಬಿ2 ಜೊತೆ ಹೋಲಿಸಿರಿ.