ಕುಂಕುಮದ ಡಬ್ಬಿಯಲ್ಲಿ ಇಟ್ಟ ಗುಳಿಗೆಗಳು

ಗುರುತು ಸಿಗಬಾರದೆಂದು ಹೆಸರು, ವಯಸ್ಸು ಮತ್ತು ಮನೆಯ ವಿವರಗಳನ್ನು ಇಲ್ಲಿ ಬದಲಿಸಿದ್ದೇನೆ. ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದು ಸಾಂಗಲಿ ಭಾಗದಲ್ಲಿ ಲೈಂಗಿಕ ವೃತ್ತಿಯಲ್ಲಿರುವ ಈ ಮಹಿಳೆಯನ್ನು ಶಾಂತವ್ವ ಎನ್ನೋಣ. ಎರಡು ತಿಂಗಳಿನಿಂದ ಬಿಳಿ ಹೋಗುತ್ತಿತ್ತು, ವಾಸನೆಯೂ ಇತ್ತು. ಆದರೂ ಅವರು ಲೈಂಗಿಕ ಸೋಂಕುಗಳಿಗೆ ಚಿಕಿತ್ಸೆ ನೀಡುವ ನಮ್ಮ ಕೇಂದ್ರಕ್ಕೆ ಬಂದದ್ದು ಕೆಳಹೊಟ್ಟೆಯ ನೋವಿನಿಂದ ನೆಟ್ಟಗೆ ನಿಲ್ಲಲಾಗದಂತಾದ ಮೇಲೆ.

ಇದುವರೆಗೆ ಏನು ತೆಗೆದುಕೊಂಡಿರಿ ಎಂದು ಕೇಳಿದಾಗ ಅವರು ಕುಂಕುಮದ ಡಬ್ಬಿಯೊಂದನ್ನು ತೆರೆದು ಮುಂದಿಟ್ಟರು. ಅದರಲ್ಲಿ ಔಷಧ ಅಂಗಡಿಯವರು ಕತ್ತರಿಸಿ ಕೊಟ್ಟ ಗುಳಿಗೆ ಪಟ್ಟಿಗಳ ಆರು ತುಂಡುಗಳಿದ್ದವು. ಒಂದರ ಮೇಲೂ ಪೂರ್ತಿ ಹೆಸರಾಗಲಿ, ಅವಧಿ ಮುಗಿಯುವ ದಿನಾಂಕವಾಗಲಿ ಉಳಿದಿರಲಿಲ್ಲ. "ಅಕ್ಕಾರ, ಎರಡ ಗುಳಿಗಿ ತಗೊಂಡ್ರ ತ್ರಾಸ ಕಡಿಮಿ ಆಗತೈತ್ರಿ. ಉಳದದ್ದು ಮುಂದಿನ ಸಲಕ್ಕ ಇಟ್ಟಿರತೀನಿ" ಎಂದರು. ಡೆಟಾಲ್ ಬೆರೆಸಿದ ನೀರಿನಿಂದ ಒಳಗೂ ತೊಳೆದುಕೊಳ್ಳುತ್ತಿದ್ದರು.

ಇದನ್ನು ಅಜ್ಞಾನವೆಂದು ಬರೆದುಕೊಳ್ಳಲು ನನ್ನ ಮನಸ್ಸು ಒಪ್ಪುವುದಿಲ್ಲ. ಹಿಂದೊಮ್ಮೆ ಒಂದು ಆಸ್ಪತ್ರೆಯಲ್ಲಿ ಸರತಿಯಲ್ಲಿ ನಿಂತವರಿಗೆಲ್ಲ ಕೇಳುವಂತೆ "ಏನ ಧಂದಾ ಮಾಡ್ತಿ?" ಎಂದು ಅವರನ್ನು ಕೇಳಿದ್ದರು, ಅವರು ಚೀಟಿಯನ್ನು ಅಲ್ಲೇ ಬಿಟ್ಟು ಹೊರಟುಬಂದಿದ್ದರು. ಅಂಗಡಿಯಲ್ಲಿ ಯಾರೂ ಏನೂ ಕೇಳುವುದಿಲ್ಲ, ದಿನದ ಗಳಿಕೆಯೂ ತಪ್ಪುವುದಿಲ್ಲ.

ಆದ್ದರಿಂದ ಮೊದಲು ಬಾಗಿಲು ಹಾಕಿ, 2017ರ ಎಚ್‌ಐವಿ ಕಾಯಿದೆಯ ಪ್ರಕಾರ ಅವರ ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಗುಟ್ಟಾಗಿಯೇ ಇಡಬೇಕು ಎಂಬುದನ್ನು ತಿಳಿಸಿದೆ. ಎಚ್‌ಐವಿ, ಸಿಫಿಲಿಸ್ ಪರೀಕ್ಷೆಗಳಿಗೆ ಅವರು ಒಪ್ಪಿದರು. ಎರಡರಲ್ಲೂ ಸೋಂಕು ಕಂಡುಬರಲಿಲ್ಲ. ಗರ್ಭಿಣಿಯಲ್ಲವೆಂದು ಖಚಿತವಾದ ಬಳಿಕ, ಸೋಂಕು ಗರ್ಭಕೋಶ ಮತ್ತು ಅಂಡನಾಳಗಳವರೆಗೆ ಏರಿದೆಯೆಂದು ವೈದ್ಯೆ ಹೇಳಿ, ಇಂಥ ಸೋಂಕಿಗೆಂದೇ ಔಷಧಗಳನ್ನು ಒಟ್ಟಿಗೆ ಕಟ್ಟಿಟ್ಟ ಹಳದಿ ಕಿಟ್ ಕೊಟ್ಟರು. ಅದರಲ್ಲಿ ಸೆಫಿಕ್ಸಿಮ್ ಒಂದೇ ಸಲ ನುಂಗುವಂಥದ್ದು. ಡಾಕ್ಸಿಸೈಕ್ಲಿನ್ ಮತ್ತು ಮೆಟ್ರೊನಿಡಜೋಲ್ 14 ದಿನ ನಡೆಯಬೇಕು.

ಎರಡೇ ಗುಳಿಗೆ ನುಂಗಿ ನಿಲ್ಲಿಸಿದರೆ ನೋವು ಅಡಗುತ್ತದೆ, ಬೇನೆ ಒಳಗೇ ಬೆಳೆಯುತ್ತದೆ, ಮುಂದೆ ಅದೇ ಔಷಧ ನಾಟದೆಯೂ ಹೋಗಬಹುದು ಎಂದು ವಿವರಿಸಿದೆ. ಒಳಗೆ ತೊಳೆಯುವುದರಿಂದ ಕಾಪಾಡುವ ಸೂಕ್ಷ್ಮಾಣುಗಳು ಸಾಯುತ್ತವೆ, ಒಳಪದರ ಕೆರಳಿ ಸೋಂಕಿಗೆ ದಾರಿಯಾಗುತ್ತದೆ. ಹೊರಭಾಗಕ್ಕೆ ಬರೀ ನೀರು ಸಾಕು. ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಕುಡಿತದ ಮಾತು. ಮೆಟ್ರೊನಿಡಜೋಲ್ ತೆಗೆದುಕೊಳ್ಳುವಾಗ ಮದ್ಯ ಕೂಡದು, ಆದರೆ ಗಿರಾಕಿ ಗ್ಲಾಸು ಹಿಡಿದು ಒತ್ತಾಯಿಸಿದರೆ ಅವರು ಏನು ಹೇಳಬೇಕು? "ಪಿತ್ತ ಆಗೇತಿ, ಡಾಕ್ಟರ್ ಬ್ಯಾಡ ಅಂದಾರ" ಎಂಬ ಉತ್ತರವನ್ನು ಅವರೇ ಹುಡುಕಿಕೊಂಡರು. ಗುಣವಾಗುವವರೆಗೆ ಸಂಭೋಗ ಬೇಡವೆಂದೆ. 14 ದಿನ ಗಳಿಕೆ ನಿಲ್ಲಿಸುವುದು ಆಗದ ಮಾತೆಂದಾಗ, ಆದಷ್ಟು ದಿನ ತಡೆದು, ಬಳಿಕ ಪ್ರತಿ ಸಲವೂ ಕಾಂಡೋಮ್ ಬಳಸಬೇಕೆಂಬಲ್ಲಿಗೆ ಬಂದೆವು. ಅವರು "ಮಾಲಕ" ಎನ್ನುವ ಕಾಯಂ ಸಂಗಾತಿಯೊಂದಿಗೆ ಎಂದೂ ಕಾಂಡೋಮ್ ಬಳಸಿರಲಿಲ್ಲ. ಅವನಿಗೂ ಚಿಕಿತ್ಸೆಯಾಗದಿದ್ದರೆ ಸೋಂಕು ಮರಳಬಹುದೆಂದು ಹೇಳಿ ಅವನ ಹೆಸರಿಗೂ ಚೀಟಿ ಕೊಟ್ಟೆ.

ಮೂರು ದಿನದಲ್ಲಿ ನೋವು ಇಳಿಯದಿದ್ದರೆ ದಾಖಲಾಗಬೇಕಾಗುತ್ತದೆಂದು ಎಚ್ಚರಿಸಿದ್ದೆ. ಮೂರನೆಯ ದಿನ, ಜನ ಕಡಿಮೆಯಿರುವ ಮಧ್ಯಾಹ್ನದ ಹೊತ್ತಿಗೆ ಅವರು ಬಂದರು, ನೋವು ತಗ್ಗಿತ್ತು. ಹದಿನೈದನೆಯ ದಿನ ಬರಿದಾದ ಪಟ್ಟಿಗಳನ್ನು ತಂದು ತೋರಿಸಿದರು. ಮಾಲಕ ಮಾತ್ರ ಇನ್ನೂ ಬಂದಿಲ್ಲ. ಅವನ ಚೀಟಿ ಮಡಚಿಕೊಂಡು ಅದೇ ಡಬ್ಬಿಯಲ್ಲಿದೆ.